ಕಡಿದ ಕಾಡಿಗೆ ಗೊಬ್ಬರ ಮದ್ದಾಗುವುದೇ?

ಸಕಲೇಶಪುರದಿಂದ ದೋಣಿಗಾಲನ್ನು ದಾಟಿ ಶಿರಾಡಿ ಘಾಟಿಯನ್ನಿಳಿಯುವ ಹೆದ್ದಾರಿಯಲ್ಲಾಗಲಿ, ಎಡಕುಮೇರಿಯ ಮೇಲೆ ಸುಬ್ರಹ್ಮಣ್ಯಕ್ಕೆ ಹೋಗುವ ರೈಲಿನಲ್ಲಾಗಲಿ ಪ್ರಯಾಣ ಮಾಡಿದ ಪಟ್ಟಣವಾಸಿಗಳು ಮಲೆನಾಡಿನ ಹಸುರನ್ನು ಕಂಡು ಸಂತೋಷಪಟ್ಟು ಹಿಂದಿರುಗುವುದು ವಾಡಿಕೆ. ಆ ಹಸುರಿನಲ್ಲಿ ಹಳೆಯ ಕಾಡೆಷ್ಟು, ಕಾಫಿ ತೋಟದ ನೆರಳೆಷ್ಟು, ಒಮ್ಮೆ ಕೊಡಲಿಗೆ ಸಿಕ್ಕಿ ಮತ್ತೆ ಚಿಗುರಿದ ಎಳೆಗಾಡೆಷ್ಟು ಎಂದು ವಿಂಗಡಿಸಿ ನೋಡುವವರು ವಿರಳ. ದೂರದಿಂದ ಎಲ್ಲವೂ ಒಂದೇ ಬಣ್ಣ. ಹತ್ತಿರ ಹೋದರೆ ಒಂದೊಂದರ ಸ್ಥಿತಿಯೂ ಬೇರೆ. ಈ ಮೂರರಲ್ಲಿ ಎಳೆಗಾಡಿನ ವಿಷಯವೇ ಇಂದು ಹೆಚ್ಚು ವಿಚಾರಾರ್ಹವಾದುದು. ಏಕೆಂದರೆ ಹಳೆಯ ಕಾಡಿಗೆ ಕಾನೂನಿನ ಕಾವಲುಂಟು, ತೋಟಕ್ಕೆ ಒಡೆಯನುಂಟು, ಇದಕ್ಕೆ ಕಾಗದದ ಮೇಲಿನ ಹೆಸರಲ್ಲದೆ ಬೇರೆ ದಿಕ್ಕಿಲ್ಲ. ಕಾಫಿಗೂ ಆಲೂಗೆಡ್ಡೆಗೂ ಶುಂಠಿಗೂ ಗೊಬ್ಬರವನ್ನು ಹಾಕಿ ಫಲವನ್ನು ಕಣ್ಣಾರೆ ಕಂಡಿರುವ ಸಕಲೇಶಪುರ, ಆಲೂರು ಸೀಮೆಯವರು, ಕಡಿದ ಕಾಡು ಬೇಗನೆ ಮೇಲೇಳುವಂತೆ ಅದಕ್ಕೂ ನಾಲ್ಕು ಮೂಟೆ ಗೊಬ್ಬರವನ್ನೇಕೆ ಹಾಕಬಾರದೆಂದು ಕೇಳುವುದು ಸಹಜ. ಪ್ರಶ್ನೆಯು ಯುಕ್ತವಾದುದೇ. ಉತ್ತರವು ಮಾತ್ರ ಮೇಲುನೋಟಕ್ಕೆ ತೋರುವಷ್ಟು ಸುಲಭವಲ್ಲ.

ಇದನ್ನು ವಿಚಾರಿಸುವ ಕಾಲವು ಒದಗಿದೆಯೆಂದು ನಾವು ಹೇಳುವುದಕ್ಕೆ ಕಾರಣವುಂಟು. ಹಾಸನ–ಮಂಗಳೂರು ರೈಲುಮಾರ್ಗವು 1979ರಲ್ಲಿ ಈ ಘಟ್ಟವನ್ನು ಕೊರೆದು ಹಾದುಹೋಯಿತು. ಅನಂತರ ವಿದ್ಯುತ್ ತಂತಿಗಳು ಬಂದವು. ಹೆದ್ದಾರಿಯ ಅಗಲೀಕರಣವು ಬಂದಿತು. ಪಶ್ಚಿಮಕ್ಕೆ ಹರಿಯುವ ಎತ್ತಿನಹೊಳೆ ಮೊದಲಾದ ತೊರೆಗಳ ನೀರನ್ನು ಬಯಲುಸೀಮೆಗೆ ತಿರುಗಿಸುವ ಯೋಜನೆಯು ಬಂದು, ಅದರ ಮೊದಲನೆಯ ಹಂತವು 2024ರ ಸೆಪ್ಟೆಂಬರಿನಲ್ಲಿ ಉದ್ಘಾಟಿತವಾಯಿತು. ಇವುಗಳ ಹಾದಿಯಲ್ಲಿ ಬಿದ್ದ ಕಾಡಿಗೆ ಪ್ರತಿಯಾಗಿ ಬೇರೆಡೆಯಲ್ಲಿ ಕಾಡನ್ನು ಬೆಳೆಸಬೇಕೆಂಬುದು 1980ರ ಅರಣ್ಯ ಸಂರಕ್ಷಣಾ ಶಾಸನದಿಂದ ಬಂದ ಕಟ್ಟಳೆ. ಆ ಬಾಬ್ತು ಸೇರುವ ಹಣದ ವಿನಿಯೋಗಕ್ಕೆ 2016ರಲ್ಲಿ ಪ್ರತ್ಯೇಕ ಶಾಸನವಾಗಿ, 2018ರಲ್ಲಿ ಅದು ಜಾರಿಗೆ ಬಂದಿತು. ಇದಲ್ಲದೆ, ನೀಲಗಿರಿ ಮರವನ್ನು ಹೊಸದಾಗಿ ನೆಡುವುದನ್ನು ರಾಜ್ಯ ಸರ್ಕಾರದವರು 2017ರಲ್ಲಿ ತಡೆದಮೇಲೆ, ಹಳೆಯ ನೀಲಗಿರಿ ತೋಪುಗಳನ್ನು ಕಡಿದ ನೆಲದಲ್ಲಿ ಮುಂದೇನು ಬೆಳೆಯಬೇಕೆಂಬುದೂ ತೀರ್ಮಾನವಾಗಬೇಕಾದ ಸಂಗತಿಯಾಗಿದೆ. ಹಣವೂ ಉಂಟು, ಕಡಿದ ನೆಲವೂ ಉಂಟು, ಬೇಗ ಹಸುರು ಕಾಣಬೇಕೆಂಬ ಆತುರವೂ ಉಂಟು. ಈ ಮೂರೂ ಕೂಡಿದಲ್ಲಿ ಗೊಬ್ಬರದ ಖರೀದಿಪಟ್ಟಿ ಸಿದ್ಧವಾಗಲು ತಡವಾಗುವುದಿಲ್ಲವೆಂಬುದನ್ನು ಕಚೇರಿಗಳ ಪದ್ಧತಿಯನ್ನು ಬಲ್ಲ ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ಮೊದಲು ಸ್ವಲ್ಪ ಹಿಂದಿನದನ್ನು ನೆನೆಯಬೇಕು. ಈ ಸೀಮೆಯಲ್ಲಿ ಕಾಡಿಗೂ ಗೊಬ್ಬರಕ್ಕೂ ಇರುವ ಸಂಬಂಧವು ಹೊಸತಲ್ಲ. ಆದರೆ ಅದು ಯಾವಾಗಲೂ ಒಂದೇ ದಿಕ್ಕಿಗೆ ನಡೆದು ಬಂದಿದೆ: ಕಾಡಿನಿಂದ ಹೊಲಕ್ಕೆ, ಕಾಡಿನಿಂದ ತೋಟಕ್ಕೆ. ಕುಮರಿ ಬೇಸಾಯದವರು ಕಾಡನ್ನು ಕಡಿದು ಸುಟ್ಟು ಅದರ ಬೂದಿಯಲ್ಲಿ ಒಂದೆರಡು ವರ್ಷ ರಾಗಿಯನ್ನೋ ಭತ್ತವನ್ನೋ ಬೆಳೆದು, ಸಾರ ಇಳಿದೊಡನೆ ಮುಂದಿನ ಗುಡ್ಡಕ್ಕೆ ನಡೆದರು. ಗದ್ದೆಯ ರೈತರು ಸೊಪ್ಪನ್ನೂ ದರಗನ್ನೂ ಹೊತ್ತು ತಂದು ಕೊಟ್ಟಿಗೆಯಲ್ಲಿ ಹಾಸಿ ಗೊಬ್ಬರ ಮಾಡಿದರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮಂಜರಾಬಾದಿನ ಕಣಿವೆಗಳಲ್ಲಿ ಕಾಫಿ ತೋಟಗಳನ್ನು ತೆರೆದ ಪ್ಲಾಂಟರರು ಆರಿಸಿಕೊಂಡುದೂ ಕಾಡಿನ ಕಪ್ಪು ಮೇಲ್ಮಣ್ಣು ದಪ್ಪವಾಗಿದ್ದ ಇಳಿಜಾರುಗಳನ್ನೇ. ಅವರಲ್ಲೊಬ್ಬನಾದ ರಾಬರ್ಟ್ ಎಲಿಯಟ್ ಎಂಬುವನು 1894ರಲ್ಲಿ ಪ್ರಕಟಿಸಿದ, ಮೈಸೂರಿನ ಕಾಫಿ ಬೇಸಾಯವನ್ನು ಕುರಿತ ಗ್ರಂಥದಲ್ಲಿ ನೆರಳುಮರಗಳನ್ನೂ ಗೊಬ್ಬರವನ್ನೂ ವಿಸ್ತಾರವಾಗಿ ಚರ್ಚಿಸಿದ್ದಾನೆ. ಕಾಡು ಕೂಡಿಟ್ಟ ಸಾರವು ಖರ್ಚಾದ ನಂತರ ತೋಟವನ್ನು ಉಳಿಸುವುದು ಹೇಗೆಂಬ ಚಿಂತೆ ಆಗಲೇ ಹುಟ್ಟಿತ್ತೆಂಬುದಕ್ಕೆ ಇದೊಂದು ಸಾಕ್ಷಿ. ಇಂದು ನಾವು ಕೇಳುತ್ತಿರುವುದು ಅದರ ತಿರುಗುಮುರುಗಾದ ಪ್ರಶ್ನೆ: ನೂರಾರು ವರ್ಷ ಕಾಡಿನಿಂದ ಎತ್ತಿಕೊಂಡುದನ್ನು ಮೂಟೆಯಲ್ಲಿ ತಂದು ಕಾಡಿಗೆ ಹಿಂದಿರುಗಿಸಲು ಸಾಧ್ಯವೇ?

ಉತ್ತರವನ್ನು ತಿಳಿಯಬೇಕಾದರೆ ಕಾಡಿನ ಬಂಡವಾಳವು ಎಲ್ಲಿದೆಯೆಂಬುದನ್ನು ಮೊದಲು ತಿಳಿಯಬೇಕು. ಬಿಸಿಲೆ, ಕಾಗಿನೆರೆ, ಕೆಂಪುಹೊಳೆಗಳ ಕಡೆಯ ಕಾಡನ್ನು ನೋಡಿದವರು, ಇಷ್ಟು ದೊಡ್ಡ ಮರಗಳನ್ನು ಹೊತ್ತ ನೆಲವು ಮಹಾ ಫಲವತ್ತಾದುದಿರಬೇಕೆಂದು ಭಾವಿಸುವರು. ಇದು ಭ್ರಮೆ. ಸಹಸ್ರಾರು ವರ್ಷಗಳ ಮಳೆಯಲ್ಲಿ ತೊಳೆದು ಹೋದ ಆ ಕೆಂಪು ಮಣ್ಣಿನಲ್ಲಿ ಸುಣ್ಣವೂ ಪೊಟ್ಯಾಷೂ ಅಲ್ಪ. ರಂಜಕವು ಇದ್ದರೂ ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ಅದನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡಿರುವುವು. ಕಾಡಿನ ಐಶ್ವರ್ಯವಿರುವುದು ಮರದ ಮೈಯಲ್ಲಿ ಮತ್ತು ನೆಲದ ಮೇಲಿನ ಒಂದು ಗೇಣು ದರಗುಮಣ್ಣಿನಲ್ಲಿ. ಬಿದ್ದ ಎಲೆಯು ಕೊಳೆಯುತ್ತಲೇ ಬೇರುಗಳೂ ಬೇರಿಗೆ ಅಂಟಿದ ಶಿಲೀಂಧ್ರದ ಎಳೆಗಳೂ ಅದರ ಸಾರವನ್ನು ಹೀರಿ ಮತ್ತೆ ಮೇಲಕ್ಕೆ ಕಳುಹಿಸುವುವು. ಒಬ್ಬ ಜಾಣ ವ್ಯಾಪಾರಿಯು ಅಲ್ಪ ಬಂಡವಾಳವನ್ನೇ ಮೇಲಿಂದ ಮೇಲೆ ಓಡಿಸಿ ದೊಡ್ಡ ಅಂಗಡಿಯನ್ನು ನಡೆಸುವಂತೆ ಈ ಕಾಡು ನಡೆದುಕೊಂಡು ಬಂದಿದೆ. ಇನ್ನೊಂದು ಸಂಗತಿಯನ್ನು ಗಮನಿಸತಕ್ಕದ್ದು. ಮರದ ದಿಮ್ಮಿಯಲ್ಲಿ ಸಾರಾಂಶಗಳು ಕಡಿಮೆ. ತೂಕದಲ್ಲಿ ಹಗುರವಾದ ಎಲೆ, ಎಳೆಗೊಂಬೆ, ತೊಗಟೆಗಳಲ್ಲಿಯೇ ಸಾರಜನಕ, ರಂಜಕ, ಸುಣ್ಣಗಳ ಪಾಲು ಹೆಚ್ಚು. ಆದುದರಿಂದ ದಿಮ್ಮಿಯನ್ನು ಮಾತ್ರ ಸಾಗಿಸಿದವನು ಬಡ್ಡಿಯನ್ನು ತೆಗೆದುಕೊಂಡಂತೆ. ಸೊಪ್ಪುಸದೆಯನ್ನು ಗುಡ್ಡೆ ಹಾಕಿ ಸುಟ್ಟವನು ಅಸಲಿಗೇ ಕೈಯಿಟ್ಟಂತೆ. ಸುಟ್ಟಾಗ ಸಾರಜನಕವು ಬಹುಮಟ್ಟಿಗೆ ಹೊಗೆಯಾಗಿ ಹೋಗುವುದು. ಉಳಿದ ಬೂದಿಯು ಮೊದಲ ಮುಂಗಾರಿನಲ್ಲಿಯೇ ಹಳ್ಳ ಸೇರುವುದು.

ಕಡಿದಮೇಲೆ ಏನಾಗುವುದೆಂಬುದನ್ನು ಅಳೆದು ತೋರಿಸಿದ ಪ್ರಯೋಗಗಳಲ್ಲಿ ಬಹು ಪ್ರಸಿದ್ಧವಾದುದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದ ಹಬ್ಬರ್ಡ್ ಬ್ರೂಕ್ ಎಂಬಲ್ಲಿ ನಡೆದುದು. ಅಲ್ಲಿ 1965ರ ಚಳಿಗಾಲದಲ್ಲಿ ಒಂದು ಚಿಕ್ಕ ಕಣಿವೆಯ ಕಾಡನ್ನು ಪೂರ್ತಿಯಾಗಿ ಕಡಿದು, ಮರವನ್ನು ಸಾಗಿಸದೆ ಅಲ್ಲಿಯೇ ಬಿಟ್ಟು, ಮೂರು ವರ್ಷ ಏನೂ ಚಿಗುರದಂತೆ ಔಷಧಿಯನ್ನು ಸಿಂಪಡಿಸಿದರು. ಹೊಳೆಯ ನೀರಿನಲ್ಲಿ ನೈಟ್ರೇಟಿನ ಪ್ರಮಾಣವು ಹಲವು ಹತ್ತು ಪಟ್ಟು ಏರಿ, ಕುಡಿಯುವ ನೀರಿಗೆ ಆ ದೇಶದವರು ಇಟ್ಟಿದ್ದ ಮಿತಿಯನ್ನು ಮೀರಿತು. ಅದರೊಡನೆ ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷುಗಳೂ ಕೊಚ್ಚಿಹೋದವು. ಔಷಧಿಯನ್ನು ನಿಲ್ಲಿಸಿ ಚಿಗುರಲು ಬಿಟ್ಟಕೂಡಲೆ ಆ ಸೋರಿಕೆಯು ಇಳಿಯುತ್ತ ಬಂದಿತು. ಇದರಿಂದ ನಾವು ತಿಳಿಯಬೇಕಾದುದು ಇಷ್ಟು: ಕಡಿದ ನೆಲದಲ್ಲಿ ಮೊದಲೆರಡು ವರ್ಷ ಸಾರದ ಕೊರತೆಗಿಂತಲೂ ಸಾರದ ಸೋರಿಕೆಯೇ ದೊಡ್ಡ ಪೀಡೆ, ಅದಕ್ಕೆ ಕಟ್ಟೆ ಹಾಕುವುದು ತಾನಾಗಿ ಹುಟ್ಟುವ ಮರುಚಿಗುರೇ. ನಮ್ಮಲ್ಲಿ ಉಪ್ಪಳಿಗೆಯೇ ಮೊದಲಾದ ಬೆಲೆಯಿಲ್ಲದ ಗಿಡಗಳು ಬಯಲಾದ ಜಾಗವನ್ನು ಮೊದಲು ಆಕ್ರಮಿಸುವುದನ್ನು ಕಂಡು ಮರದ ವ್ಯಾಪಾರಿಗಳು ಮುಖ ಸಿಂಡರಿಸುವುದುಂಟು. ಆದರೆ ನೆಲದ ಸಾರವನ್ನು ಹಳ್ಳದ ಪಾಲಾಗದಂತೆ ಹಿಡಿದಿಡುವ ಕೆಲಸವನ್ನು ಸಂಬಳವಿಲ್ಲದೆ ಮಾಡುವವು ಅವೇ. ಸೋರುತ್ತಿರುವ ಗಡಿಗೆಗೆ ಇನ್ನಷ್ಟು ನೀರನ್ನು ಹೊಯ್ಯುವುದರಿಂದ ಪ್ರಯೋಜನವೇನು?

ಪರದೇಶಗಳಲ್ಲಿ ಕಾಡಿಗೆ ಗೊಬ್ಬರ ಹಾಕುವುದಿಲ್ಲವೇ ಎಂದು ಕೇಳಿದರೆ, ಹಾಕುವರು. ಅದು ಲಾಭದಾಯಕವೂ ಆಗಿದೆ. ಸ್ವೀಡನ್ ದೇಶದಲ್ಲಿ 1960ರ ದಶಕದಿಂದಲೂ ಹೆಕ್ಟೇರಿಗೆ ಸುಮಾರು 150 ಕಿಲೋಗ್ರಾಂ ಸಾರಜನಕವನ್ನು ಸೂಚೀಪರ್ಣದ ಕಾಡಿಗೆ ಹಾಕಿ, ಹತ್ತು ವರ್ಷಗಳಲ್ಲಿ ಹತ್ತರಿಂದ ಇಪ್ಪತ್ತು ಘನ ಮೀಟರುಗಳಷ್ಟು ಹೆಚ್ಚು ಮರವನ್ನು ಪಡೆಯುತ್ತಿರುವರು. ಅಮೆರಿಕದ ಪಶ್ಚಿಮ ತೀರದಲ್ಲಿ ಡಗ್ಲಸ್ ಫರ್ ಮರದ ಕಾಡಿಗೆ ಎಕರೆಗೆ ಸುಮಾರು 200 ಪೌಂಡು ಸಾರಜನಕವನ್ನು ಯೂರಿಯಾ ರೂಪದಲ್ಲಿ ಹೆಲಿಕಾಪ್ಟರಿನಿಂದ ಉದುರಿಸುವರು. ಈ ದೃಷ್ಟಾಂತಗಳನ್ನು ಎತ್ತಿ ಹೇಳುವವರು ಎರಡು ಸಂಗತಿಗಳನ್ನು ಮರೆಯುವರು. ಮೊದಲನೆಯದು, ಅದು ಶೀತದೇಶ. ಅಲ್ಲಿ ದರಗು ಕೊಳೆಯುವುದೇ ನಿಧಾನವಾದುದರಿಂದ ಸಾರಜನಕವು ನೆಲದಲ್ಲಿದ್ದೂ ಮರಕ್ಕೆ ದೊರೆಯದು. ನಮ್ಮ ಘಟ್ಟದ ಬಿಸಿ ಮತ್ತು ತೇವದಲ್ಲಿ ಬಿದ್ದ ಎಲೆಯು ಬಲುಬೇಗನೆ ಮಣ್ಣಾಗುವುದು. ಎರಡನೆಯದು, ಸ್ವೀಡನ್ನಿನವರು ಗೊಬ್ಬರವನ್ನು ಹಾಕುವುದು ಸಾಮಾನ್ಯವಾಗಿ ಕಡಿಯಲು ಹತ್ತು ವರ್ಷವಿರುವ, ಬಲಿತ, ಒಂದೆರಡೇ ಜಾತಿಯ ಮರಗಳಿರುವ ಕಾಡಿಗೆ. ಈಗತಾನೆ ಕಡಿದು ನೂರು ಜಾತಿಗಳು ಒಟ್ಟಿಗೆ ಮೇಲೇಳುತ್ತಿರುವ ಎಳೆಗಾಡಿಗಲ್ಲ. ಪೈನು ತೋಪಿನ ಲೆಕ್ಕವನ್ನು ಬಿಸಿಲೆಯ ಕಾಡಿಗೆ ಅನ್ವಯಿಸುವುದು ರಾಗಿಯ ಲೆಕ್ಕವನ್ನು ಏಲಕ್ಕಿಗೆ ಅನ್ವಯಿಸಿದಂತೆ.

ನಮ್ಮ ಹವೆಗೆ ಹತ್ತಿರವಾದ ದೃಷ್ಟಾಂತವೆಂದರೆ ಬ್ರೆಜಿಲ್ ದೇಶದ್ದು. ಅಮೆಜಾನ್ ಸೀಮೆಯ ಪೂರ್ವಭಾಗದಲ್ಲಿ, ದನದ ಹುಲ್ಲುಗಾವಲಾಗಿ ಸವೆದು ಬಿಟ್ಟುಬಿಡಲಾಗಿದ್ದ ನೆಲದಲ್ಲಿ ಆರು ವರ್ಷದ ಎಳೆಗಾಡಿಗೆ ಹೆಕ್ಟೇರಿಗೆ 100 ಕಿಲೋಗ್ರಾಂ ಸಾರಜನಕವನ್ನೂ 50 ಕಿಲೋಗ್ರಾಂ ರಂಜಕವನ್ನೂ ಬೇರೆ ಬೇರೆಯಾಗಿಯೂ ಕೂಡಿಸಿಯೂ ಹಾಕಿ ನೋಡಿ, ಫಲವನ್ನು 2004ರಲ್ಲಿ ಪ್ರಕಟಿಸಿದರು. ಸಾರಜನಕವು ಸೇರಿದ ಕಡೆಯಲ್ಲಿ ಮರಗಳು ನಿಶ್ಚಯವಾಗಿ ಹೆಚ್ಚು ಬೆಳೆದವು. ಆದರೆ ಎರಡನ್ನೂ ಕೂಡಿಸಿ ಹಾಕಿದಲ್ಲಿ ಉಳಿದುಕೊಂಡಿದ್ದ ಹುಲ್ಲೂ ಕೊಬ್ಬಿತು. ಮೊದಲ ವರ್ಷ ಹಾಕಿದ ಸಾರಜನಕದಲ್ಲಿ ಮರಗಳು ಹೀರಿದ ಪಾಲು ನೂರಕ್ಕೆ ಇಪ್ಪತ್ತರಷ್ಟು ಮಾತ್ರ, ರಂಜಕದಲ್ಲಿ ಹತ್ತರಷ್ಟು ಮಾತ್ರ. ಅದೇ ದೇಶದ ಮನೌಸ್ ನಗರದ ಬಳಿಯ ಹಳೆಯ ಕಾಡಿನಲ್ಲಿ ನಡೆಸಿದ ಇನ್ನೊಂದು ಪ್ರಯೋಗದ ಫಲವು 2022ರಲ್ಲಿ ಹೊರಬಿದ್ದಿತು. ಅಲ್ಲಿ ಸಾರಜನಕಕ್ಕೆ ಮರಗಳು ಓಗೊಡಲಿಲ್ಲ, ರಂಜಕಕ್ಕೆ ಓಗೊಟ್ಟವು. ಅದೂ ಎಲೆ ಮತ್ತು ಬೇರಿನಲ್ಲಿಯೇ ಹೊರತು ದಿಮ್ಮಿಯಲ್ಲಲ್ಲ. ಒಂದೇ ಸೀಮೆಯಲ್ಲಿ ಸವೆದ ನೆಲದ ಎಳೆಗಾಡಿಗೆ ಒಂದರ ಹಸಿವು, ಹಳೆಯ ಕಾಡಿಗೆ ಇನ್ನೊಂದರ ಹಸಿವು. ಹೀಗಿರುವಲ್ಲಿ ರೋಗಿಯ ನಾಡಿಯನ್ನು ಹಿಡಿಯದೆ ಎಲ್ಲರಿಗೂ ಒಂದೇ ಕಷಾಯವನ್ನು ಕುಡಿಸುವ ಪದ್ಧತಿಯು ನಡೆಯದು.

ಮೇಲೆ ಹೇಳಿದ ಪ್ರಮಾಣವನ್ನೇ ಇಟ್ಟುಕೊಂಡು ನಮ್ಮ ಲೆಕ್ಕವನ್ನು ಹಾಕಿ ನೋಡೋಣ. ಯೂರಿಯಾದಲ್ಲಿ ಸಾರಜನಕವಿರುವುದು ನೂರಕ್ಕೆ 46 ಪಾಲು. ಹೆಕ್ಟೇರಿಗೆ 100 ಕಿಲೋಗ್ರಾಂ ಸಾರಜನಕವನ್ನು ಕೊಡಬೇಕಾದರೆ 217 ಕಿಲೋಗ್ರಾಂ ಯೂರಿಯಾ, ಎಂದರೆ 45 ಕಿಲೋಗ್ರಾಮಿನ ಐದು ಮೂಟೆಗಳು ಬೇಕು. ಸಾವಿರ ಹೆಕ್ಟೇರಿಗೆ 4,800 ಮೂಟೆಗಳನ್ನು ರಸ್ತೆಯಿಲ್ಲದ, ಆನೆ ಓಡಾಡುವ ಇಳಿಜಾರಿನಲ್ಲಿ ಕೂಲಿಯಾಳುಗಳು ಹೊರಬೇಕು. ಬ್ರೆಜಿಲ್ಲಿನ ಮರಗಳಷ್ಟೇ ನಮ್ಮ ಮರಗಳೂ ಹೀರಿದುವೆಂದು ಇಟ್ಟುಕೊಂಡರೆ ಇವುಗಳಲ್ಲಿ ಸುಮಾರು 3,800 ಮೂಟೆಗಳ ಸಾರವು ಆ ವರ್ಷ ಮರಕ್ಕೆ ಸೇರದು. ಪೊಟ್ಯಾಷಿನ ಗೊಬ್ಬರವನ್ನಂತೂ ನಮ್ಮ ದೇಶವು ಪೂರ್ತಿಯಾಗಿ ಹೊರಗಿನಿಂದ ತರಿಸಿಕೊಳ್ಳುತ್ತಿದೆ. ಯೂರಿಯಾವು ರೈತನಿಗೆ ಅಗ್ಗವಾಗಿ ದೊರೆಯುವುದು ಖಜಾನೆಯು ಅದರ ಬೆಲೆಯ ಬಹುಪಾಲನ್ನು ತಾನೇ ಹೊರುವುದರಿಂದ. ಅನ್ನ ಬೆಳೆಯುವ ಹೊಲಕ್ಕೆ ಸಕಾಲದಲ್ಲಿ ಸಿಕ್ಕದ ಗೊಬ್ಬರಕ್ಕಾಗಿ ರೈತರು ಸಾಲುಗಟ್ಟಿ ನಿಲ್ಲುವುದನ್ನು ಕಂಡಿರುವ ನಾವು, ಐದರಲ್ಲಿ ನಾಲ್ಕು ಪಾಲು ದಾರಿತಪ್ಪುವ ಕಡೆಗೆ ಅದನ್ನು ಎರಚುವುದು ವಿವೇಕವೇ ಎಂದು ಕೇಳಬೇಕಾಗಿದೆ.

ಮರಕ್ಕೆ ಸೇರದ ಆ ಪಾಲು ಎಲ್ಲಿಗೆ ಹೋಗುವುದೆಂಬುದೂ ಮುಖ್ಯವೇ. ಸಕಲೇಶಪುರದ ಪೇಟೆಯಲ್ಲಿಯೇ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವುದು. ಘಟ್ಟದ ಅಂಚಿನಲ್ಲಿ ಅದರ ಎರಡು ಪಟ್ಟು ಮೀರುವುದೂ ಉಂಟು. ಮೇ ತಿಂಗಳ ಒಣ ದರಗಿನ ಮೇಲೆ ಎರಚಿದ ಯೂರಿಯಾದಲ್ಲಿ ಒಂದು ಭಾಗವು ಅಮೋನಿಯವಾಗಿ ಗಾಳಿಗೆ ಹಾರುವುದು. ಜುಲೈ ತಿಂಗಳಿನಲ್ಲಿ ಎರಚಿದುದು ಮಳೆಯೊಡನೆ ಇಳಿಯುವುದು. ಕಾಫಿ ಬೆಳೆಗಾರರು ಗೊಬ್ಬರವನ್ನು ಹೂವಿನ ಮುಂಚೆ, ಹೂವಿನ ತರುವಾಯ, ಮಳೆಗಾಲದ ನಡುವೆ, ಮಳೆ ಹಿಂದಾದ ಮೇಲೆ ಎಂದು ಕಂತುಕಂತಾಗಿ ಕೊಡುವುದು ಈ ಕಾರಣದಿಂದಲೇ. ತೋಟದಲ್ಲಿ ಆಳಿದ್ದಾರೆ, ಗಿಡದ ಬುಡಕ್ಕೆ ಹಾಕುವರು. ಗುಡ್ಡದ ಮೇಲೆ ಯಾರು ನಾಲ್ಕು ಸಲ ಹೋಗಿ ಹಾಕುವರು? ಪೂರ್ವಕ್ಕೆ ಹರಿದ ಸಾರವು ಹೇಮಾವತಿಯ ಮೂಲಕ ಗೊರೂರಿನ ಜಲಾಶಯವನ್ನು ಸೇರುವುದು. ಆ ನೀರು ಹಾಸನ, ಮಂಡ್ಯ, ತುಮಕೂರು ಸೀಮೆಗಳ ಹೊಲಗಳಿಗೂ ಊರುಗಳಿಗೂ ಹೋಗತಕ್ಕದ್ದು. ಪಶ್ಚಿಮಕ್ಕೆ ಹರಿದುದು ಕುಮಾರಧಾರಾ, ನೇತ್ರಾವತಿಗಳ ಪಾಲು. ಹಬ್ಬರ್ಡ್ ಬ್ರೂಕಿನಲ್ಲಿ ಕಂಡಂತೆ ನೈಟ್ರೇಟು ಒಂಟಿಯಾಗಿ ಹೋಗದೆ ಸುಣ್ಣವನ್ನೂ ಪೊಟ್ಯಾಷನ್ನೂ ಜೊತೆಯಲ್ಲಿ ಕರೆದೊಯ್ಯುವುದು. ಆದಕಾರಣ ಸಾರಜನಕದ ಗೊಬ್ಬರವು ಮೊದಲೇ ಹುಳಿಯಾದ ಮಣ್ಣನ್ನು ಇನ್ನಷ್ಟು ಹುಳಿ ಮಾಡುವುದು. ತೋಟದವರು ವರ್ಷಗಳ ಕಾಲ ಗೊಬ್ಬರ ಹಾಕಿ, ಅನಂತರ ಅದರ ಪರಿಹಾರಕ್ಕಾಗಿ ಸುಣ್ಣವನ್ನು ಎರಚುವುದನ್ನು ಈ ಸೀಮೆಯಲ್ಲಿ ಕಾಣದವರಿಲ್ಲ.

ಇಷ್ಟಾದರೂ ಒಂದು ಪಾಲು ಗಿಡಕ್ಕೆ ಸೇರುವುದಷ್ಟೆ ಎಂದು ಸಮಾಧಾನಪಟ್ಟರೆ, ಯಾವ ಗಿಡಕ್ಕೆ ಎಂಬ ಪ್ರಶ್ನೆ ಏಳುವುದು. ಬಯಲಾದ ಕಾಡಿನಲ್ಲಿ ಲಂಟಾನವೂ ಯುಪಟೋರಿಯವೂ ಎಷ್ಟು ಬೇಗ ಮೇಲೇಳುವುವೆಂಬುದನ್ನು ಮಲೆನಾಡಿನ ಮಕ್ಕಳೂ ಬಲ್ಲರು. ಸುಲಭವಾಗಿ ಕರಗುವ ಗೊಬ್ಬರವು ಬಿದ್ದಾಗ ಮೊದಲ ಪಂಕ್ತಿಯಲ್ಲಿ ಉಣ್ಣುವವು ಇಂಥ ಗಿಡಗಳೇ. ಧೂಪ, ಹೆಬ್ಬಲಸು, ಗುಲ್ಮಾವು, ಸುರಹೊನ್ನೆಗಳಂಥ ಮರಗಳ ಸಸಿಗಳು ನೆರಳಿನಲ್ಲಿ ತಾಳ್ಮೆಯಿಂದ ಕಾದಿದ್ದು ವರ್ಷಕ್ಕೆ ಒಂದೆರಡು ಎಲೆಗಳನ್ನು ಬಿಟ್ಟು ಬೆಳೆಯತಕ್ಕವು. ಅವಕ್ಕೆ ಬೇಕಾದುದು ಗೊಬ್ಬರದ ಔತಣವಲ್ಲ. ಮೇಲಿನ ಕೊಡೆಯಲ್ಲಿ ಸ್ವಲ್ಪ ಬೆಳಕಿನ ಕಿಂಡಿ, ಕೆಳಗೆ ಕಲಕದ ದರಗು, ಬೇರಿಗೆ ಶಿಲೀಂಧ್ರದ ಒಡನಾಟ. ರಂಜಕವನ್ನು ಧಾರಾಳವಾಗಿ ಸುರಿದಲ್ಲಿ ಆ ಶಿಲೀಂಧ್ರದ ಒಡನಾಟವೇ ಸಡಿಲವಾಗುವುದುಂಟು. ಬಿಸಿಲೆಯ ದಕ್ಷಿಣಕ್ಕೆ, ಕೊಡಗಿನ ಕಡಮಕಲ್ಲು ಮೀಸಲು ಕಾಡಿನ ಉಪ್ಪಂಗಳದಲ್ಲಿ, ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ನಮ್ಮ ಅರಣ್ಯ ಇಲಾಖೆಯವರೊಡನೆ ಸೇರಿ 1990ರ ಸುಮಾರಿನಿಂದ ಮರಗಳ ಸುತ್ತಳತೆಯನ್ನು ಅಳೆಯುತ್ತ ಬಂದಿರುವರು. ಆಯ್ದು ಕಡಿದ ಭಾಗವನ್ನೂ ಕಡಿಯದ ಭಾಗವನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿರುವರು. ಘಟ್ಟದ ಮರವು ದಪ್ಪದಲ್ಲಿ ವರ್ಷಕ್ಕೆ ಹೆಚ್ಚುವುದು ಕೆಲವೇ ಮಿಲಿಮೀಟರು. ಮೂರು ವರ್ಷದ ಯೋಜನೆ, ಐದು ವರ್ಷದ ವರದಿಗಳ ಅವಧಿಯಲ್ಲಿ ಇಂಥ ಕಾಡನ್ನು ‘ಬೆಳೆಸಿ’ ತೋರಿಸುವೆವೆನ್ನುವವರ ಮಾತನ್ನು ಸಂದೇಹದಿಂದಲೇ ಕೇಳತಕ್ಕದ್ದು.

ಹಾಗೆಂದು ಗೊಬ್ಬರವು ಎಲ್ಲೆಲ್ಲಿಯೂ ತ್ಯಾಜ್ಯವೆಂದು ನಾವು ಹೇಳುವುದಿಲ್ಲ. ಸಕಲೇಶಪುರವನ್ನು ಬಿಟ್ಟು ಪೂರ್ವಕ್ಕೆ ಆಲೂರಿನ ಕಡೆ ಬಂದರೆ ಮಳೆಯು ಅರ್ಧಕ್ಕಿಳಿಯುವುದು. ಘಟ್ಟದ ಕಾಡು ಹಿಂದಾಗಿ, ಬೋಳುಗುಡ್ಡ, ನೀಲಗಿರಿ ತೋಪು, ಅಕೇಶಿಯಾ ತೋಪು, ಆಲೂಗೆಡ್ಡೆಯ ಹೊಲಗಳು ಕಾಣಬರುವುವು. ಇಲ್ಲಿನ ನೆಲದ ಕಥೆ ಬೇರೆ. ನೀಲಗಿರಿಯನ್ನು ಕೆಲವು ವರ್ಷಗಳಿಗೊಮ್ಮೆ ಕಡಿಯುವುದು, ಬೊಡ್ಡೆಯ ಕೂಳೆಚಿಗುರನ್ನು ಬೆಳೆಸಿ ಮತ್ತೆ ಕಡಿಯುವುದು, ಪ್ರತಿಸಲವೂ ತೊಗಟೆಯೊಡನೆ ದಿಮ್ಮಿಯನ್ನೂ ಸೌದೆಗೆಂದು ಕೊಂಬೆರೆಂಬೆಗಳನ್ನೂ ಸಾಗಿಸುವುದು: ಹೀಗೆ ನಡೆದ ಕಡೆಗಳಲ್ಲಿ ಮೇಲ್ಮಣ್ಣು ತೆಳುವಾಗಿ, ದರಗಿನ ಪದರವೇ ಇಲ್ಲವಾಗಿದೆ. ಬ್ರೆಜಿಲ್ಲಿನ ಸವೆದ ಹುಲ್ಲುಗಾವಲಿಗೆ ಹೋಲುವ ನೆಲವು ನಮ್ಮಲ್ಲಿದ್ದರೆ ಅದು ಇದೇ. ನೀಲಗಿರಿಯ ಬೊಡ್ಡೆಯನ್ನು ಕಿತ್ತು ನಂದಿ, ಮತ್ತಿ, ಹೊನ್ನೆ, ಹಲಸುಗಳನ್ನು ನೆಡುವುದಾದರೆ, ಅಂಥ ಸಸಿಗೆ ಮೊದಲೆರಡು ವರ್ಷ ಕುಣಿಯಲ್ಲಿ ಒಂದಿಷ್ಟು ಕೊಟ್ಟಿಗೆ ಗೊಬ್ಬರವನ್ನೂ ರಂಜಕವನ್ನೂ ಕೊಡುವುದು, ಹುಳಿಮಣ್ಣಿಗೆ ಸುಣ್ಣವನ್ನು ಬೆರೆಸುವುದು ನ್ಯಾಯವಾದ ವೆಚ್ಚವೇ. ಅದು ಎರಚುವ ಗೊಬ್ಬರವಲ್ಲ, ಬುಡಕ್ಕೆ ಕೊಡುವ ಗೊಬ್ಬರ. ಸುತ್ತಲಿನ ಕಳೆಯನ್ನು ಕಿತ್ತಮೇಲೆ ಕೊಡತಕ್ಕದ್ದು. ಕೇರಳದ ಪೀಚಿಯಲ್ಲಿರುವ ಅರಣ್ಯ ಸಂಶೋಧನಾ ಸಂಸ್ಥೆಯವರು ನೀಲಗಿರಿ ತೋಪುಗಳಲ್ಲಿ ಪ್ರಯೋಗ ಮಾಡುವಾಗ ಗೊಬ್ಬರವೊಂದನ್ನೇ ಪರೀಕ್ಷಿಸದೆ, ಕಡಿದ ಸೊಪ್ಪುಸದೆಯನ್ನು ಉಳಿಸುವುದು, ಕಳೆಯನ್ನು ತೆಗೆಯುವುದು, ನಡುವೆ ದ್ವಿದಳ ಸಸ್ಯಗಳನ್ನು ಬೆಳೆಯುವುದು ಇವೆಲ್ಲವನ್ನೂ ಒಂದರ ಪಕ್ಕದಲ್ಲೊಂದಿಟ್ಟು ನೋಡಿದುದು ಸರಿಯಾದ ಮಾರ್ಗ. ನಮ್ಮ ತೋಟಗಳಲ್ಲಿ ಹಾಲುವಾಣದ ಮರವನ್ನು ನೆರಳಿಗಾಗಿ ನೆಟ್ಟು, ಅದರ ಸೊಪ್ಪನ್ನು ಸವರಿ ಕಾಫಿಯ ಬುಡಕ್ಕೆ ಹಾಕುತ್ತ ಬಂದ ಹಿರಿಯರಿಗೆ ಗಾಳಿಯಿಂದ ಸಾರಜನಕವನ್ನು ಹಿಡಿಯುವ ಬೇರುಗಂಟಿನ ಶಾಸ್ತ್ರವು ತಿಳಿದಿರಲಿಲ್ಲ, ಫಲವು ತಿಳಿದಿತ್ತು. ಆಲೂರಿನ ಗುಡ್ಡಗಳಿಗೆ ಮೂಟೆಯ ಯೂರಿಯಾಕ್ಕಿಂತ ಇಂಥ ಮರಗಳೇ ಮೇಲು.

ಗೊಬ್ಬರ ತಿಂದ ಮರುಬೆಳೆಯು ಹೇಗಿರುವುದೆಂದು ನೋಡಬಯಸುವವರು ದೂರ ಹೋಗಬೇಕಾಗಿಲ್ಲ. ಅದು ಕಾಫಿ ತೋಟಗಳಲ್ಲಿಯೇ ಇದೆ. ಕಾಡುಮರದ ಹಳೆಯ ನೆರಳನ್ನು ತೆಗೆದ ಕಡೆ ಸಿಲ್ವರ್ ಓಕ್ ನೆಟ್ಟಿರುವರು. ಕಾಫಿಗೆ ಹಾಕಿದ ಗೊಬ್ಬರದಲ್ಲಿ ಪಾಲು ಪಡೆದು ಆ ಮರವು ನೆಟ್ಟಗೆ, ಬೇಗನೆ ಬೆಳೆಯುವುದು. ಮೆಣಸಿನ ಬಳ್ಳಿಗೆ ಆಸರೆಯಾಗುವುದು. ಕಡಿಯುವುದಕ್ಕೆ ಕಾಡುಮರಕ್ಕಿರುವಷ್ಟು ಅಪ್ಪಣೆಯ ತೊಡಕಿಲ್ಲ. ಒಡೆಯನ ದೃಷ್ಟಿಯಿಂದ ಇದು ಲಾಭವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಂದೇ ಜಾತಿಯ ಆ ಸಾಲುಗಳನ್ನು ಕಾಡೆಂದು ಯಾರೂ ಕರೆಯಲಾರರು. ಸರ್ಕಾರದ ನೆಲದಲ್ಲಿಯೂ ಗೊಬ್ಬರದ ಬಲದಿಂದ ಬೇಗ ಬೆಳೆಯುವ ಜಾತಿಗಳೇ ಮೇಲುಗೈಯಾದರೆ, ಇನ್ನೊಂದು ತೋಟವು ಹುಟ್ಟುವುದೇ ಹೊರತು ಕಡಿದ ಕಾಡಿಗೆ ಪ್ರತಿಯಾದ ಕಾಡು ಹುಟ್ಟದು. ಆನೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ಈ ಎರಡು ತಾಲ್ಲೂಕುಗಳಲ್ಲಿ ಮನುಷ್ಯರೂ ಆನೆಗಳೂ ಒಬ್ಬರಿಂದೊಬ್ಬರು ಪಡುತ್ತಿರುವ ಪಾಡು ಸರ್ವವಿದಿತ. 2014ರಲ್ಲಿ ಆಲೂರಿನ ಸುತ್ತಮುತ್ತ ಇಪ್ಪತ್ತಕ್ಕೂ ಮೇಲ್ಪಟ್ಟು ಆನೆಗಳನ್ನು ಹಿಡಿದು ಸಾಗಿಸಿದರೂ ತೊಂದರೆ ತೀರಲಿಲ್ಲ. 2023ರ ಡಿಸೆಂಬರಿನಲ್ಲಿ ಯಸಳೂರಿನ ಕಾಡಿನಲ್ಲಿ ದಸರಾ ಆನೆ ಅರ್ಜುನನು ಕಾಡಾನೆಯೊಡನೆ ಕಾದಾಡಿ ಮಡಿದನು. ಗೊಬ್ಬರದಿಂದ ಕೊಬ್ಬಿದ ರಸಭರಿತವಾದ ಚಿಗುರನ್ನು ಮೇಯುವ ಪ್ರಾಣಿಗಳು ಹುಡುಕಿಕೊಂಡು ಬರುವುವೆಂಬುದು ಪರದೇಶಗಳ ತೋಪುಗಳಲ್ಲಿ ಜಿಂಕೆಗಳಿಂದ ಕಂಡುಬಂದ ಅನುಭವ. ಊರಿನ ಅಂಚಿನ ಎಳೆಗಾಡಿಗೆ ಗೊಬ್ಬರ ಹಾಕುವ ಮೊದಲು ಇದನ್ನೂ ಯೋಚಿಸಬೇಕು.

ಹಾಗಾದರೆ ಸರ್ಕಾರದವರು ಮಾಡತಕ್ಕದ್ದೇನು? ಖರೀದಿಗಿಂತ ಮೊದಲು ಪರೀಕ್ಷೆ ನಡೆಯಲಿ. ಕಾಫಿಗೆ ರೋಗವೂ ಸಾರಹೀನತೆಯೂ ಬಾಧಿಸುತ್ತಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನದವರು, ಡಾಕ್ಟರ್ ಲೆಸ್ಲಿ ಕೋಲ್ಮನ್ನರು ವ್ಯವಸಾಯ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದಾಗ, 1925ರಲ್ಲಿ ಬಾಳೆಹೊನ್ನೂರಿನ ಬಳಿ ಪ್ರಯೋಗಶಾಲೆಯನ್ನು ತೆರೆದರು. ಬೆಳೆಗಾರನ ಹಣವನ್ನು ಊಹೆಯ ಮೇಲೆ ವ್ಯಯಮಾಡಿಸಬಾರದೆಂಬ ವಿವೇಕವು ಅದರ ಹಿಂದಿತ್ತು. ಕಾಡಿಗೆ ಅಷ್ಟು ವಿವೇಕವೂ ಸಲ್ಲದೇ? ಘಟ್ಟದ ಅಂಚಿನಲ್ಲೊಂದು, ಸಕಲೇಶಪುರದ ಪೂರ್ವಕ್ಕೊಂದು, ಆಲೂರಿನ ನೀಲಗಿರಿ ಕಡಿದ ನೆಲದಲ್ಲೊಂದು ಹೀಗೆ ಮೂರು ಕಡೆ ಚಿಕ್ಕ ತಾಕುಗಳನ್ನು ಗುರುತಿಸಿ, ಏನನ್ನೂ ಹಾಕದ ತಾಕು, ದರಗನ್ನು ಉಳಿಸಿದ ತಾಕು, ಕಳೆಯನ್ನು ಮಾತ್ರ ತೆಗೆದ ತಾಕು, ಗೊಬ್ಬರದ ತಾಕು ಎಂದು ವಿಂಗಡಿಸಿ, ಗಿಡದ ಎತ್ತರವನ್ನು ಮಾತ್ರವಲ್ಲದೆ ಜಾತಿಗಳ ಸಂಖ್ಯೆಯನ್ನೂ ಕೆಳಗಿನ ಹಳ್ಳದ ನೀರನ್ನೂ ಹತ್ತು ವರ್ಷ ಅಳೆಯಲಿ. ಪರಿಹಾರ ಅರಣ್ಯೀಕರಣದ ನಿಧಿಯಲ್ಲಿ ಇದಕ್ಕೆ ತಗಲುವ ಮೊತ್ತವು ಅತ್ಯಲ್ಪ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಉತ್ತಮವಾದ ಪಾಠಶಾಲೆಯು ದೊರೆಯದು.

ಪರೀಕ್ಷೆಯ ಫಲಕ್ಕಾಗಿ ಕಾಯದೆ ಇಂದೇ ಮಾಡಬಹುದಾದ ಕೆಲಸಗಳೂ ಉಂಟು. ಇವುಗಳಿಗೆ ಒಂದು ಮೂಟೆ ಗೊಬ್ಬರವೂ ಬೇಡ. ತೋಪನ್ನು ಕಡಿಯುವ ಗುತ್ತಿಗೆದಾರನು ತೊಗಟೆಯನ್ನು ಅಲ್ಲಿಯೇ ಸುಲಿಯಬೇಕು, ಸೊಪ್ಪುಸದೆಯನ್ನು ಸುಡದೆ ಇಳಿಜಾರಿಗೆ ಅಡ್ಡಲಾಗಿ ಸಾಲುಹಾಸಬೇಕು ಎಂಬ ಷರತ್ತನ್ನು ಗುತ್ತಿಗೆಯ ಕರಾರಿನಲ್ಲಿ ಸೇರಿಸುವುದಕ್ಕೆ ಯಾವ ಹೊಸ ಶಾಸನವೂ ಬೇಕಾಗಿಲ್ಲ. ಬೇಸಗೆಯ ಬೆಂಕಿಯನ್ನು ತಡೆಯುವ ಕಾವಲುಗಾರನ ಸಂಬಳವು ಗೊಬ್ಬರದ ಬೆಲೆಗಿಂತ ಹೆಚ್ಚಿನ ಸಾರಜನಕವನ್ನು ನೆಲದಲ್ಲಿ ಉಳಿಸುವುದು. ಕಾಡಿನ ದರಗನ್ನು ಲಾರಿಗಟ್ಟಲೆ ಹೊರಗೆ ಸಾಗಿಸುವುದಕ್ಕೆ ಎಲ್ಲಿಯಾದರೂ ಎಡೆಯಿದ್ದರೆ ಅದನ್ನು ನಿಲ್ಲಿಸಬೇಕು. ಗದ್ದೆಯ ಬಡರೈತನ ತಲೆಹೊರೆಯ ಸೊಪ್ಪನ್ನು ಕುರಿತು ನಾವು ಈ ಮಾತನ್ನು ಹೇಳುತ್ತಿಲ್ಲ. ಹಳೆಯ ಕಾಡಿಗೆ ತಾಗಿದ ಎಳೆಗಾಡಿನಲ್ಲಿ ಹಕ್ಕಿಗಳು ಬೀಜ ತರುವ ದಾರಿಯನ್ನು ಮುಚ್ಚದೆ ಸುಮ್ಮನೆ ಬಿಟ್ಟರೆ ಸಾಕು. ಈ ‘ಸುಮ್ಮನೆ ಬಿಡುವ’ ಕೆಲಸಕ್ಕೆ ಇಲಾಖೆಯ ವೆಚ್ಚದ ಪಟ್ಟಿಯಲ್ಲಿ ಅಂಕಣವಿಲ್ಲ. ಎಷ್ಟು ಸಸಿ ನೆಟ್ಟರೆಂಬುದಕ್ಕೆ ಅಂಕಣವಿದೆ. ಮುಂದಿನ ವರ್ಷದ ಯೋಜನಾಪತ್ರವನ್ನು ಸಿದ್ಧಪಡಿಸುವ ಅಧಿಕಾರಿಗಳು ಮೊದಲು ಆ ನಮೂನೆಯನ್ನು ತಿದ್ದಲಿ.